ಚೀಟಿ ಬರೆದಾಗಿನಿಂದ ಮೊದಲ ಡೋಸ್ ಒಳಗೆ ಹೋಗುವ ತನಕ

ಐಸಿಯುನಲ್ಲಿ ಡಾಕ್ಟರು ಆ್ಯಂಟಿಬಯೋಟಿಕ್ ಬರೆಯುವ ಹೊತ್ತು ಒಂದು, ಅದು ರೋಗಿಯ ರಕ್ತಕ್ಕೆ ಸೇರುವ ಹೊತ್ತು ಇನ್ನೊಂದು. ಈ ಎರಡರ ನಡುವೆ ಓಡಾಡುವವರು ನಾವು, ಸ್ಟಾಫ್ ನರ್ಸ್‌ಗಳು. ಆ ಅಂತರ ಎಲ್ಲೆಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗಿಸಬಹುದು ಎಂಬುದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅದಕ್ಕೆ ಒಬ್ಬ ರೋಗಿಯ ಒಂದು ವಾರದ ಚಿಕಿತ್ಸೆಯನ್ನೇ ಇಲ್ಲಿ ಹೇಳುತ್ತೇನೆ. ಗುರುತು ಸಿಗಬಾರದೆಂದು ಅವರ ಹೆಸರು, ಊರು ಎರಡನ್ನೂ ಬಿಟ್ಟಿದ್ದೇನೆ.

ನಲವತ್ತು ದಾಟಿದ ಗಟ್ಟಿ ಆಳು. ಅಡಿಕೆ ಸುಲಿಯುವ ಮಷಿನ್ ಇಟ್ಟುಕೊಂಡು ಸುಗ್ಗಿಯಲ್ಲಿ ಊರೂರು ತಿರುಗುತ್ತಿದ್ದರು. ಜ್ವರ, ಭೇದಿ ಬಂದು ವಾಸಿಯಾದ ಸ್ವಲ್ಪ ದಿನಕ್ಕೆ ಕಾಲಿನಲ್ಲಿ ಶಕ್ತಿ ಹೋಯಿತು, ಆಮೇಲೆ ಕೈ, ಆಮೇಲೆ ನುಂಗುವುದು, ಕೊನೆಗೆ ಉಸಿರು. ಗಿಲಿಯನ್ ಬ್ಯಾರಿ ಸಿಂಡ್ರೋಮ್, ನಾವು ಜಿಬಿಎಸ್ ಅನ್ನುತ್ತೇವೆ. ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದಕ್ಕೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಔಷಧಿಯ ಐದು ದಿನದ ಕೋರ್ಸ್ ಮುಗಿದಿತ್ತು. ವೆಂಟಿಲೇಟರ್ ಮೇಲಿದ್ದರೂ ಬುದ್ಧಿ ಪೂರ್ತಿ ಎಚ್ಚರ. ಒಂದು ಸಲ ಕಣ್ಣು ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಇಲ್ಲ. ಇಷ್ಟರಲ್ಲೇ ನಮ್ಮ ಮಾತುಕತೆ ನಡೆಯುತ್ತಿತ್ತು.

ಉಸಿರಾಟದ ಟ್ಯೂಬ್ ಹಾಕಿ ಆರನೇ ರಾತ್ರಿ. ಸಂಜೆ ಹ್ಯಾಂಡೋವರ್‌ನಲ್ಲಿ ಹೇಳಿದ್ದು ಇಷ್ಟೇ: ಕಫ ಸ್ವಲ್ಪ ಜಾಸ್ತಿ ಬರ್ತಿದೆ, ಬಣ್ಣ ಬಿಳಿ. ಹನ್ನೆರಡರ ಹೊತ್ತಿಗೆ ಸಕ್ಷನ್ ಮಾಡಿದಾಗ, ಅಂದರೆ ಟ್ಯೂಬಿನೊಳಗಿನ ಕಫ ಎಳೆದು ತೆಗೆದಾಗ, ಕೊಳವೆಯಲ್ಲಿ ಹಳದಿ ಎಳೆ ಕಂಡಿತು. ಎರಡು ಗಂಟೆಗೆ ಮತ್ತೆ ಮಾಡಿದೆ. ಈ ಸಲ ಹಸಿರು ತಿರುಗಿದ ಹಳದಿ, ಅಂಟು, ಕ್ಯಾಥೆಟರ್ ತೊಳೆಯಲು ಎರಡೆರಡು ಸಲ ನೀರು ಎಳೆಯಬೇಕಾಯಿತು. ಶೇ. 40 ಆಕ್ಸಿಜನ್‌ನಲ್ಲಿ 97 ಇದ್ದ ರಕ್ತದ ಆಕ್ಸಿಜನ್ ಮಟ್ಟ (ಸ್ಯಾಚುರೇಷನ್) 90ಕ್ಕೆ ಇಳಿದಿತ್ತು. ಆಕ್ಸಿಜನ್ ಶೇ. 60ಕ್ಕೆ ಏರಿಸಿದ ಮೇಲೆ 93. ಮೈ ಮುಟ್ಟಿದರೆ ಸುಡುತ್ತಿತ್ತು, 102 ಡಿಗ್ರಿ. ನಾಡಿ 130ರ ಮೇಲೆ.

ಇಲ್ಲೊಂದು ತೊಡಕು ಇದೆ. ಜಿಬಿಎಸ್‌ನಲ್ಲಿ ನಾಡಿ, ಬಿಪಿ ತಾವಾಗಿಯೇ ಏರಿಳಿಯುತ್ತವೆ. ಸಕ್ಷನ್ ಮಾಡಿದರೇ ನಾಡಿ ಕುಸಿಯುವವರಿದ್ದಾರೆ, ಸುಮ್ಮನೆ ಮಲಗಿದ್ದರೂ 140 ಓಡುವವರಿದ್ದಾರೆ. ಆದ್ದರಿಂದ 130ನ್ನು ನೋಡಿ "ಇದು ಆ ಕಾಯಿಲೆಯ ಸ್ವಭಾವ" ಅಂತ ಬೆಳಗಿನ ರೌಂಡ್ಸ್‌ವರೆಗೆ ಬಿಟ್ಟುಬಿಡುವುದು ಬಹಳ ಸುಲಭ. ನನಗೆ ನಾಡಿಗಿಂತ ಕಫದ ಬಣ್ಣ ಮತ್ತು ಆಕ್ಸಿಜನ್ ಏರಿಸಬೇಕಾಗಿ ಬಂದದ್ದೇ ಹೆಚ್ಚು ಮುಖ್ಯ ಅನ್ನಿಸಿತು. ನರದ ಕಾಯಿಲೆ ಕಫವನ್ನು ಹಸಿರು ಮಾಡುವುದಿಲ್ಲ. "ಎದೆ ಭಾರ ಅನ್ನಿಸ್ತಿದೆಯಾ ಅಣ್ಣಾ?" ಅಂದೆ. ಒಂದು ಸಲ ಕಣ್ಣು ಮಿಟುಕಿಸಿದರು.

ಡ್ಯೂಟಿ ಡಾಕ್ಟರನ್ನು ಕರೆದೆ. ಕರೆಯುವಾಗ "ಸರ್, ಜ್ವರ ಬಂದಿದೆ" ಅಂತಷ್ಟೇ ಹೇಳಿದರೆ "ಪ್ಯಾರಾಸಿಟಮಾಲ್ ಕೊಡಿ" ಎಂಬ ಉತ್ತರವೇ ಬರುತ್ತದೆ. ಅದು ಅವರ ತಪ್ಪೂ ಅಲ್ಲ, ಆ ಹೊತ್ತಿಗೆ ಅವರು ಇನ್ನೊಂದು ವಾರ್ಡಿನಲ್ಲಿ ಇನ್ಯಾರದೋ ಎದೆ ಒತ್ತುತ್ತಿರಬಹುದು. "ಮೂರನೇ ಬೆಡ್, ಟ್ಯೂಬ್ ಹಾಕಿ ಆರನೇ ದಿನ, ಕಫದ ಬಣ್ಣ ಬದಲಾಗಿದೆ, ಆಕ್ಸಿಜನ್ 40ರಿಂದ 60ಕ್ಕೆ ಏರಿಸಿದ್ದೀನಿ, ಜ್ವರ 102, ಬಿಪಿ ಇಳೀತಿದೆ. ವ್ಯಾಪ್ ಇರಬಹುದು, ಈಗಲೇ ಬನ್ನಿ" ಅಂದೆ. ಬಂದರು.

ವ್ಯಾಪ್ ಅಂದರೆ ವೆಂಟಿಲೇಟರ್ ಟ್ಯೂಬ್ ಹಾಕಿ 48 ಗಂಟೆ ಕಳೆದ ಮೇಲೆ ಹುಟ್ಟುವ ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಅಂಟುವ ಯಾವ ಸೋಂಕಿಗೂ ಸಾಮಾನ್ಯವಾಗಿ ಇದೇ 48 ಗಂಟೆಯ ಲೆಕ್ಕ. ಅದಕ್ಕೆ ಮೊದಲು ಕಾಣಿಸಿದರೆ ಮನೆಯಿಂದಲೇ ತಂದದ್ದು ಅಂತ ಹಿಡಿಯುತ್ತಾರೆ. ಬಾಯಿ, ಗಂಟಲಿನ ಕ್ರಿಮಿಗಳು ಟ್ಯೂಬಿನ ಕಫ್ (ಗಾಳಿ ತುಂಬಿದ ಪಟ್ಟಿ) ಸುತ್ತ ನಿಂತ ಜೊಲ್ಲಿನ ಜೊತೆ ಇಷ್ಟಿಷ್ಟೇ ಶ್ವಾಸಕೋಶಕ್ಕೆ ಇಳಿಯುತ್ತವೆ. ಟ್ಯೂಬಿನ ಒಳಗೋಡೆಗೂ ಪದರ ಕಟ್ಟುತ್ತವೆ. ಅದಕ್ಕೇ ನಾವು ತಲೆ ಕಡೆ ಹಾಸಿಗೆಯನ್ನು 30ರಿಂದ 45 ಡಿಗ್ರಿ ಎತ್ತಿಡುವುದು, ಕಫ್ ಒತ್ತಡವನ್ನು 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿ ಕಾಯುವುದು, ಬಾಯಿಗೆ ಬ್ರಶ್ ಮಾಡುವುದು. ಮೊದಲೆಲ್ಲ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಬಾಯಿ ಒರೆಸುತ್ತಿದ್ದೆವು. 2022ರ ಹೊಸ ಶಿಫಾರಸು ಬಂದ ಮೇಲೆ ಅದು ಹೋಗಿ ಬ್ರಶ್ ಉಳಿಯಿತು. ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಬರುತ್ತದೆ. ಕೆಮ್ಮುವ ಶಕ್ತಿಯೇ ಇಲ್ಲದ ಜಿಬಿಎಸ್ ರೋಗಿಗೆ ಬರುವ ಸಂಭವ ಇನ್ನೂ ಹೆಚ್ಚು.

ಎಬಿಜಿಗೆ, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮುಂತಾದವನ್ನು ಅಳೆಯುವ ಪರೀಕ್ಷೆಗೆ, ರಕ್ತ ತೆಗೆದೆವು. ದೇಹಕ್ಕೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ 4ರ ಹತ್ತಿರ. ಸರಾಸರಿ ಬಿಪಿ 58ಕ್ಕೆ ಬಂದಿತ್ತು, 65 ಇರಬೇಕು. ಸಲೈನ್ ಜೋರಾಗಿ ಬಿಟ್ಟು, ಬಿಪಿ ಏರಿಸುವ ನಾರ್‌ಅಡ್ರಿನಾಲಿನ್ ಶುರುಮಾಡಿದೆವು. ಜಿಬಿಎಸ್‌ನವರಿಗೆ ಈ ಔಷಧಿ ಸ್ವಲ್ಪ ಕೊಟ್ಟರೂ ಬಿಪಿ ಹಾರಿಬಿಡುತ್ತದೆ, ಅದಕ್ಕೆ ತೀರ ಕಡಿಮೆಯಿಂದ ಶುರು. ಎಕ್ಸ್‌ರೇ ಮಷಿನ್ ಬಂತು, ಬಲ ಕೆಳಗಡೆ ಬಿಳಿ. ಇನ್ನು ಅನುಮಾನ ಉಳಿಯಲಿಲ್ಲ. ಈಗ ಗಡಿಯಾರ ಶುರುವಾಯಿತು ಅಂತ ಲೆಕ್ಕ.

ಈ ಗಡಿಯಾರದ ಮಾತು ಎಲ್ಲಿಂದ ಬಂತು ಅಂದರೆ, 2006ರಲ್ಲಿ ಡಾ. ಆನಂದ್ ಕುಮಾರ್ ಮತ್ತು ಸಂಗಡಿಗರು ಕೆನಡಾ, ಅಮೆರಿಕದ ಐಸಿಯುಗಳ ಹಳೆಯ ದಾಖಲೆ ತೆಗೆದು ನೋಡಿದ್ದರು. ಸೆಪ್ಟಿಕ್ ಶಾಕ್‌ನಲ್ಲಿ (ಸೋಂಕಿನ ನಂಜಿನಿಂದ ಬಿಪಿ ಕುಸಿಯುವ ಸ್ಥಿತಿಯಲ್ಲಿ) ಬಿಪಿ ಇಳಿದ ಒಂದು ಗಂಟೆಯೊಳಗೆ ಸರಿಯಾದ ಔಷಧಿ ಬಿದ್ದವರಲ್ಲಿ ಸುಮಾರು ಶೇ. 80 ಮಂದಿ ಬದುಕಿದ್ದರು. ಮೊದಲ ಆರು ಗಂಟೆಗಳಲ್ಲಿ ತಡವಾದ ಒಂದೊಂದು ಗಂಟೆಗೂ ಬದುಕುವ ಸಾಧ್ಯತೆ ಸರಾಸರಿ ಶೇ. 7.6ರಷ್ಟು ಕಡಿಮೆಯಾಗುತ್ತಾ ಹೋಗಿತ್ತು. ಆ ಲೆಕ್ಕದ ಮೇಲೆ ಆಮೇಲೆ ಎಷ್ಟೋ ಚರ್ಚೆ ಆಗಿದೆ. ಆದರೆ ಶಾಕ್ ಇದ್ದರೆ ಒಂದು ಗಂಟೆಯೊಳಗೆ ಕೊಡಿ ಎಂಬ ಮಾತು 2021ರ ಅಂತಾರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯಲ್ಲೂ ಹಾಗೇ ಉಳಿದಿದೆ.

ಔಷಧಿಗೆ ಮೊದಲು ಕಲ್ಚರ್, ಅಂದರೆ ಯಾವ ಕ್ರಿಮಿ ಅಂತ ಬೆಳೆಸಿ ನೋಡಲು ರಕ್ತ, ಕಫ ಕಳಿಸುವುದು. ಕ್ರಮ ಅದು. ಔಷಧಿ ಬಿದ್ದ ಮೇಲೆ ರಕ್ತ ತೆಗೆದರೆ ಬಾಟಲಿಯಲ್ಲಿ ಏನೂ ಬೆಳೆಯದೆ ಹೋಗಬಹುದು, ಆಗ ಮೂರು ದಿನದ ನಂತರ ಯಾವ ಔಷಧಿ ಬಿಡಬೇಕು, ಯಾವುದು ಇಟ್ಟುಕೊಳ್ಳಬೇಕು ಅಂತ ಹೇಳುವವರೇ ಇರುವುದಿಲ್ಲ. ಆದರೆ ರಕ್ತ ಸಿಗಲಿಲ್ಲ ಅಂತ ಮುಕ್ಕಾಲು ಗಂಟೆ ಔಷಧಿ ನಿಲ್ಲಿಸಿ ಕೂರುವುದೂ ತಪ್ಪು. ರೋಗಿಯ ಕೈ ಊದಿತ್ತು, ರಕ್ತನಾಳ ಸಿಗುವುದು ಕಷ್ಟ. ಸೆಂಟ್ರಲ್ ಲೈನ್‌ನಿಂದಲೇ (ದೊಡ್ಡ ರಕ್ತನಾಳಕ್ಕೆ ಮೊದಲೇ ಹಾಕಿಟ್ಟ ಕೊಳವೆ) ಎಳೆದುಬಿಡಿ ಅಂತ ಮನಸ್ಸು ಹೇಳುತ್ತದೆ. ಲೈನ್‌ನಲ್ಲೇ ಕುಳಿತ ಕ್ರಿಮಿ ಬಂದರೆ ರಿಪೋರ್ಟ್ ಓದುವವರಿಗೆ ಗೊಂದಲ. ಜೊತೆಯಲ್ಲಿದ್ದ ಸಿಸ್ಟರ್ ಬಲಗೈಯಲ್ಲಿ, ನಾನು ಎಡಗೈಯಲ್ಲಿ ಹುಡುಕಿದೆವು. ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಉಜ್ಜಿ, ಒಣಗುವವರೆಗೆ ಕಾದು, ಬಾಟಲಿಯ ರಬ್ಬರ್ ಮುಚ್ಚಳ ಒರೆಸಿ, ಒಂದೊಂದು ಬಾಟಲಿಗೆ 8ರಿಂದ 10 ಎಂಎಲ್. ಎರಡು ಎಂಎಲ್ ಸಿಕ್ಕಿತು ಅಂತ ಅಷ್ಟನ್ನೇ ಹಾಕಿ ಕಳಿಸುವ ಅಭ್ಯಾಸ ಬಹಳ ಕಡೆ ಇದೆ. ದೊಡ್ಡವರ ರಕ್ತದಲ್ಲಿ ಕ್ರಿಮಿಗಳ ಸಂಖ್ಯೆ ಬಹಳ ಕಡಿಮೆ. ರಕ್ತ ಕಡಿಮೆಯಾದರೆ ಕ್ರಿಮಿ ಬಲೆಗೆ ಬೀಳುವುದೇ ಇಲ್ಲ. ಟ್ಯೂಬಿನಿಂದ ಕಫವನ್ನೂ ಟ್ರ್ಯಾಪ್ ಬಾಟಲಿಗೆ ಎಳೆದು ಕಳಿಸಿದೆವು.

ಯಾವ ಔಷಧಿ? ಡ್ಯೂಟಿ ಡಾಕ್ಟರು ಐಸಿಯುನ ಹಿರಿಯ ಡಾಕ್ಟರಾದ ಮೇಡಂಗೆ ಫೋನ್ ಮಾಡಿದರು. ಮೇಡಂ ಕೇಳಿದ ಮೊದಲ ಪ್ರಶ್ನೆ: "ಇಲ್ಲಿಗೆ ಬರೋ ಮೊದಲು ಏನು ಕೊಟ್ಟಿದ್ರು?" ಭೇದಿಗೆ ತಾಲ್ಲೂಕಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಬಿದ್ದಿತ್ತು. ಹಿಂದಿನ 90 ದಿನದಲ್ಲಿ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಹೋಗಿದ್ದರೆ ಈಗಿನ ಕ್ರಿಮಿ ಮೊಂಡು ಬಿದ್ದಿರುವ ಸಾಧ್ಯತೆ ಹೆಚ್ಚು. ಆ ಹಳೆಯ ಚೀಟಿ ಕೇಸ್ ಶೀಟ್‌ನಲ್ಲಿ ಪಿನ್ ಹೊಡೆದು ಇತ್ತು. ಇಲ್ಲದಿದ್ದರೆ ರಾತ್ರಿ ಎರಡೂವರೆಗೆ ಹೆಂಡತಿಯನ್ನು ಎಬ್ಬಿಸಿ ಕೇಳಬೇಕಿತ್ತು. ಮನೆಯವರಿಗೆ ನಾನು ಸದಾ ಹೇಳುವುದು ಇದನ್ನೇ: ಹಳೆಯ ಚೀಟಿ ಎಸೆಯಬೇಡಿ, ಹರಿದಿದ್ದರೂ ತನ್ನಿ.

ಎರಡನೆಯದು, ನಮ್ಮ ಐಸಿಯುನಲ್ಲೇ ಈಚೆಗೆ ಯಾವ ಕ್ರಿಮಿ ಬೆಳೆಯುತ್ತಿದೆ ಎಂಬ ಲೆಕ್ಕ. ಮೈಕ್ರೊಬಯಾಲಜಿಯವರು ಮಾಡಿಕೊಟ್ಟ ಆ ಹಾಳೆ ನರ್ಸಿಂಗ್ ಸ್ಟೇಷನ್ ಗೋಡೆಯ ಮೇಲಿದೆ. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್, ಈ ಮೂರೇ ಮೇಲುಗಡೆ. ದೇಶದ ಲೆಕ್ಕವೂ ಹಾಗೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2013ರಿಂದ ನಡೆಸುತ್ತಿರುವ, ಔಷಧಿಗೆ ಬಗ್ಗದ ಕ್ರಿಮಿಗಳ ಲೆಕ್ಕ ಇಡುವ ಜಾಲದ ವರದಿಗಳಲ್ಲಿ ಅಸಿನೆಟೊಬ್ಯಾಕ್ಟರ್‌ನ ಬಹುಪಾಲು ಮೆರೊಪೆನೆಮ್‌ನಂಥ ದೊಡ್ಡ ಔಷಧಿಗೂ ಬಗ್ಗುತ್ತಿಲ್ಲ. ಹಾಗಾಗಿ ಶಾಕ್‌ನಲ್ಲಿರುವವರಿಗೆ ಒಂದೇ ಔಷಧಿ ಮೇಲೆ ಭಾರ ಹಾಕುವ ಧೈರ್ಯ ಯಾರಿಗೂ ಇಲ್ಲ. ಮೇಡಂ ಹೇಳಿದರು: ಮೆರೊಪೆನೆಮ್, ಜೊತೆಗೆ ಕೊಲಿಸ್ಟಿನ್, ಕಲ್ಚರ್ ಬಂದ ದಿನವೇ ಒಂದನ್ನು ಬಿಡೋಣ.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಇಲ್ಲಿಂದ ಮುಂದಿನ ಕಥೆಯೇ ಬೇರೆ ಇರುತ್ತಿತ್ತು. ಇಂಡೆಂಟ್ (ಔಷಧಿ ಬೇಡಿಕೆ) ಬರೆದು ಚೀಟಿಯನ್ನು ಹೊರಗೆ ಕೂತ ಮನೆಯವರ ಕೈಗೆ ಕೊಡಬೇಕು. ಅವರು ಕೆಳಗಿಳಿದು ಫಾರ್ಮಸಿ ಮುಂದೆ ನಿಲ್ಲಬೇಕು. ಡೆಪಾಸಿಟ್ ಮುಗಿದಿದೆ, ಕ್ಯಾಶ್ ಕೌಂಟರ್‌ಗೆ ಹೋಗಿ ಅನ್ನುತ್ತಾರೆ. ಎಟಿಎಂ ಹುಡುಕಬೇಕು, ಊರಿಗೆ ಫೋನ್ ಮಾಡಬೇಕು. ಔಷಧಿ ಮೇಲೆ ಬರುವಾಗ ಎರಡು ಗಂಟೆ, ಮೂರು ಗಂಟೆ. ಚಾರ್ಟ್ ನೋಡಿದರೆ ಡಾಕ್ಟರು ಬರೆದ ಸಮಯ ಚೆನ್ನಾಗಿಯೇ ಇರುತ್ತದೆ. ಒಬ್ಬ ತಾಯಿ ಮಗನ ಔಷಧಿಗೆ ಕಿವಿಯೋಲೆ ಬಿಚ್ಚಿ ಕೊಡಲು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಡೋಸ್‌ಗೆ ದುಡ್ಡಿನ ದಾರಿ ಅಡ್ಡ ಬರಲೇಬಾರದು. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಈಗಿನ ಐಸಿಯುನಲ್ಲಿ ಮೊದಲ ಡೋಸ್‌ಗೆಂದೇ ಒಂದು ಟ್ರೇ ಇದೆ. ಮೆರೊಪೆನೆಮ್, ಪೈಪೆರಾಸಿಲಿನ್ ಟ್ಯಾಜೊಬ್ಯಾಕ್ಟಮ್, ಕೊಲಿಸ್ಟಿನ್, ವ್ಯಾಂಕೊಮೈಸಿನ್. ಒಬ್ಬರಿಗೆ ಆಗುವಷ್ಟು ವಯಲ್ (ಔಷಧಿಯ ಪುಟ್ಟ ಬಾಟಲಿ), ಕರಗಿಸುವ ನೀರು, 100 ಎಂಎಲ್ ಸಲೈನ್ ಬಾಟಲಿ. ತೆಗೆದು ಕೊಟ್ಟುಬಿಡುವುದು, ಬಿಲ್ಲು ಬೆಳಿಗ್ಗೆ. ಹೀಗಾಗಿ ನಾನು ಕಲ್ಚರ್ ತೆಗೆಯುತ್ತಿದ್ದ ಹೊತ್ತಿಗೇ ಇನ್ನೊಬ್ಬ ಸಿಸ್ಟರ್ ಔಷಧಿ ಕರಗಿಸಲು ಕೂತಿದ್ದರು. ಕೊಲಿಸ್ಟಿನ್ ಪುಡಿಗೆ ನೀರು ಹಾಕಿ ಜೋರಾಗಿ ಕುಲುಕಿದರೆ ವಯಲ್ ತುಂಬ ನೊರೆ ಏಳುತ್ತದೆ, ಸಿರಿಂಜಿಗೆ ಎಳೆಯಲು ಹೋದರೆ ಬರೀ ಗುಳ್ಳೆ. ಆತುರ ಇದ್ದಾಗಲೇ ಹೀಗಾಗುವುದು. ವಯಲನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಧಾನವಾಗಿ ತಿರುಗಿಸಬೇಕು. ಮೊದಲ ಡೋಸ್ 90 ಲಕ್ಷ ಯೂನಿಟ್. ಅಂದರೆ 30 ಲಕ್ಷದ ಮೂರು ವಯಲ್, ಮೂರನ್ನೂ ಹೀಗೇ ತಿರುಗಿಸಬೇಕು. ಕಿಡ್ನಿ ಹೇಗೇ ಇರಲಿ, ಈ ಮೊದಲ ಡೋಸ್ ಮಾತ್ರ ಪೂರ್ತಿ ಕೊಡಬೇಕು. ಕಡಿತವೆಲ್ಲ ಆಮೇಲಿನ ಡೋಸ್‌ಗಳಲ್ಲಿ.

ಇನ್ನೊಂದು ಅಡ್ಡಿ ಲೈನ್. ಸೆಂಟ್ರಲ್ ಲೈನ್‌ಗೆ ಮೂರು ಬಾಯಿ. ಒಂದರಲ್ಲಿ ನಾರ್‌ಅಡ್ರಿನಾಲಿನ್, ಅದನ್ನು ಮುಟ್ಟುವ ಹಾಗಿಲ್ಲ. ಅದರ ಹಿಂದೆ ಬೇರೆ ಔಷಧಿ ತಳ್ಳಿದರೆ ಬಿಪಿ ಒಮ್ಮೆಲೇ ಆಕಾಶಕ್ಕೆ. ಇನ್ನೊಂದರಲ್ಲಿ ಸಲೈನ್ ಓಡುತ್ತಿತ್ತು. ಮೂರನೆಯದರಲ್ಲಿ ಮೆರೊಪೆನೆಮ್ ಒಂದು ಗ್ರಾಂ, ಮೊದಲ ಡೋಸ್ ಆದ್ದರಿಂದ ಅರ್ಧ ಗಂಟೆಯಲ್ಲಿ. ಅದು ಮುಗಿದ ಕೂಡಲೇ ಲೈನ್ ಸಲೈನ್‌ನಲ್ಲಿ ತೊಳೆದು ಕೊಲಿಸ್ಟಿನ್. ಎರಡು ಔಷಧಿ ಇದ್ದಾಗ ಬೇಗ ಹೋಗುವುದನ್ನು, ಬೇಗ ಕೊಲ್ಲುವುದನ್ನು ಮೊದಲು ಬಿಡಬೇಕು. ನಾನು ಚಾರ್ಟ್‌ನಲ್ಲಿ ಬರೆದದ್ದು 2.50, ಪಂಪ್‌ನ ಬಟನ್ ಒತ್ತಿದ ಸಮಯ. ಆರ್ಡರ್ ಬರೆದದ್ದು 2.25.

ಹೊರಗೆ ಬಂದಾಗ ಅವರ ಹೆಂಡತಿ ಎದ್ದು ಕೂತಿದ್ದರು. ಎಕ್ಸ್‌ರೇ ಮಷಿನ್ ಉರುಳಿದ ಸದ್ದಿಗೇ ಎಚ್ಚರವಾಗಿತ್ತಂತೆ. "ಏನಾತು ಸಿಸ್ಟರ್?"

"ಎದೇಲಿ ಕಫ ಕಟ್ಟಿ ಸೋಂಕಾಗಿದೆ ಅಕ್ಕ. ರಕ್ತಕ್ಕೂ ನಂಜು ಏರೋ ಹಂಗಿದೆ. ಔಷಧಿ ಶುರು ಮಾಡಿದೀವಿ, ಈಗ ಹೋಗ್ತಿದೆ."

"ಆಸ್ಪತ್ರೇಲೇ ಇದ್ದಾರಲ್ಲ. ಇಲ್ಲಿದ್ದೂ ಹೆಂಗೆ ಬಂತು?"

ಈ ಪ್ರಶ್ನೆಗೆ ಮುಖ ತಿರುಗಿಸಿ ಹೋಗುವವರನ್ನು ನೋಡಿದ್ದೇನೆ. ಡ್ಯೂಟಿ ಡಾಕ್ಟರು ಹಾಗೆ ಮಾಡಲಿಲ್ಲ. ಅವರ ಪಕ್ಕದ ಬೆಂಚಿನಲ್ಲೇ ಕೂತು, ಉಸಿರಾಟಕ್ಕೆ ಹಾಕಿದ ಟ್ಯೂಬೇ ಕ್ರಿಮಿಗೂ ದಾರಿಯಾಗುತ್ತದೆ, ಟ್ಯೂಬ್ ಇಲ್ಲದಿದ್ದರೆ ಅವರು ಉಸಿರಾಡುತ್ತಿರಲಿಲ್ಲ, ಇದು ಆಸ್ಪತ್ರೆಯಲ್ಲೇ ಅಂಟಿದ ಸೋಂಕು ಅಂತ ನೇರವಾಗಿ ಹೇಳಿದರು. ಆ ಹೆಂಗಸು ಅತ್ತರು, ಆಮೇಲೆ ಕೇಳಿದರು, "ಔಷಧಿ ಹೋಗ್ತಿದೆ ಅಂದ್ರಲ್ಲ, ನಾನು ಚೀಟಿ ತರಲೇ ಇಲ್ಲ?" ಬೆಳಿಗ್ಗೆ ತಂದರೆ ಸಾಕು ಅಂದೆ.

ಮೊದಲ ಡೋಸ್‌ಗೆ ಎಲ್ಲರೂ ಓಡುತ್ತಾರೆ. ಜಾರುವುದು ಎರಡನೆಯದು. ಮೆರೊಪೆನೆಮ್ ಎಂಟು ಗಂಟೆಗೊಮ್ಮೆ ಹೋಗಬೇಕು. ನಮ್ಮ ಚಾರ್ಟ್‌ನಲ್ಲಿ ಎಂಟು ಗಂಟೆಯ ಔಷಧಿಗಳಿಗೆ ಆರು, ಎರಡು, ಹತ್ತು ಅಂತ ಸಿದ್ಧ ಸಮಯ ಇದೆ. 2.50ಕ್ಕೆ ಶುರುವಾದ ಔಷಧಿಯನ್ನು ಈ ಸಾಲಿಗೆ ಕೂಡಿಸಲು ಹೋದವರು ಬೆಳಗಿನ ಆರನ್ನು ಬಿಟ್ಟು ಮಧ್ಯಾಹ್ನ ಎರಡಕ್ಕೆ ಕೊಡುತ್ತಾರೆ. ಅಂದರೆ ಹನ್ನೊಂದು ಗಂಟೆ ಅಂತರ. ಮೆರೊಪೆನೆಮ್ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವ ಔಷಧಿಯಲ್ಲ, ಕೊನೆಯ ಗಂಟೆಗಳಲ್ಲಿ ಕ್ರಿಮಿಗೆ ಪೂರ್ತಿ ಬಿಡುವು ಸಿಗುತ್ತದೆ. ಹ್ಯಾಂಡೋವರ್‌ನಲ್ಲಿ ನಾನು ಬಾಯಲ್ಲಿ ಹೇಳಿದ್ದಲ್ಲದೆ ಪಂಪ್‌ನ ಮೇಲೇ ಪ್ಲಾಸ್ಟರ್ ಅಂಟಿಸಿ ಬರೆದೆ: ಮುಂದಿನ ಡೋಸ್ 10.50, ಮೂರು ಗಂಟೆ ಓಡಿಸಿ. ಎರಡನೇ ಡೋಸ್‌ನಿಂದ ಮೂರು ಗಂಟೆ ನಿಧಾನವಾಗಿ ಬಿಟ್ಟರೆ ಔಷಧಿಯ ಮಟ್ಟ ಹೆಚ್ಚು ಹೊತ್ತು ಮೇಲೆ ನಿಲ್ಲುತ್ತದೆ.

ಅದೇ ವಾರ ಐದನೇ ಬೆಡ್‌ನಲ್ಲಿ ಹೊಟ್ಟೆ ಆಪರೇಷನ್ ಆದ ಅಜ್ಜಿಗೂ ಜ್ವರ ಬಂತು, 101. ಹಿಂದಿನ ರಾತ್ರಿ ನೋಡಿದ್ದರಿಂದ ಎಲ್ಲರ ಕೈಯೂ ಟ್ರೇ ಕಡೆ ಹೋಗುತ್ತಿತ್ತು. ಮೇಡಂ ತಡೆದರು. ಬಿಪಿ ಚೆನ್ನಾಗಿದೆ, ಲ್ಯಾಕ್ಟೇಟ್ ಸರಿ ಇದೆ, ಅಜ್ಜಿ ಮಾತಾಡುತ್ತಿದ್ದಾರೆ. ಶಾಕ್ ಇಲ್ಲದೆ ಬರೀ ಅನುಮಾನ ಇದ್ದರೆ ಹುಡುಕಲು ಮೂರು ಗಂಟೆ ಸಮಯ ಇದೆ ಅಂತ ಅದೇ 2021ರ ಮಾರ್ಗಸೂಚಿ ಹೇಳುತ್ತದೆ. ಕಲ್ಚರ್ ಕಳಿಸಿ, ಗಾಯ, ಮೂತ್ರ, ಎದೆ ಎಲ್ಲ ನೋಡಿದೆವು. ಕೊನೆಗೆ ಮುಂಗೈಯ ಕ್ಯಾನುಲಾ ಸುತ್ತ ಕೆಂಪಾಗಿ ಗಟ್ಟಿಯಾಗಿತ್ತು. ಅದನ್ನು ತೆಗೆದು ಬೇರೆ ಕಡೆ ಹಾಕಿದೆವು, ಸಂಜೆಗೆ ಜ್ವರ ಇಳಿಯಿತು. ಅಜ್ಜಿಗೆ ಒಂದು ಹನಿ ಮೆರೊಪೆನೆಮ್ ಬೇಕಾಗಲಿಲ್ಲ. ಮೂರನೇ ಬೆಡ್‌ಗೆ ಓಡಿದ್ದು ಎಷ್ಟು ಸರಿಯೋ ಐದನೇ ಬೆಡ್‌ಗೆ ನಿಂತು ನೋಡಿದ್ದೂ ಅಷ್ಟೇ ಸರಿ. ಬೇಡದವರಿಗೆ ಹಾಕಿದ ಒಂದೊಂದು ಡೋಸ್ ಕೂಡ ನಮ್ಮ ಗೋಡೆಯ ಮೇಲಿನ ಆ ಹಾಳೆಯನ್ನು ಇನ್ನಷ್ಟು ಕೆಡಿಸುತ್ತದೆ. 1970ರ ದಶಕದಲ್ಲಿ ಕಿಡ್ನಿಗೆ ಕೆಟ್ಟದ್ದು ಅಂತ ಬಹುಮಟ್ಟಿಗೆ ಮೂಲೆಗಿಟ್ಟ ಕೊಲಿಸ್ಟಿನ್ ಅನ್ನು ಮತ್ತೆ ಹುಡುಕಿ ತರಬೇಕಾಗಿ ಬಂದದ್ದು ಬೇರೆ ಔಷಧಿಗಳು ಸೋತದ್ದಕ್ಕೇ. ಅದನ್ನೂ ಕೋಳಿ, ಮೀನು, ದನಗಳ ಮೇವಿಗೆ ಬೆರೆಸುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ನಿಷೇಧ ಹಾಕಿತು.

ಮಾರನೇ ಸಂಜೆ ಲ್ಯಾಬ್‌ನಿಂದ ಫೋನ್ ಬಂತು. ಎಡಗೈಯಿಂದ ತೆಗೆದ ಬಾಟಲಿಯಲ್ಲಿ ಮಷಿನ್ ಸಿಗ್ನಲ್ ಕೊಟ್ಟಿದೆ, ಗ್ರಾಂ ನೆಗೆಟಿವ್ ಬ್ಯಾಸಿಲೈ, ಅಂದರೆ ಗೋಡೆಯ ಹಾಳೆಯ ಮೇಲಿನ ಆ ಮೂರೂ ಕ್ರಿಮಿಗಳು ಸೇರುವ ಗುಂಪು. ಹೆಸರು ಇನ್ನೂ ಗೊತ್ತಿಲ್ಲ, ಆದರೆ ನಾವು ಹಿಡಿದ ದಾರಿ ಸರಿ ಅಂತ ಅಷ್ಟರಲ್ಲೇ ತಿಳಿಯಿತು. ಸೆಂಟ್ರಲ್ ಲೈನನ್ನು ಬೇರೆ ಕಡೆ ಹೊಸದಾಗಿ ಹಾಕಿ ಹಳೆಯದನ್ನು ತೆಗೆದರು. ಕಫದಲ್ಲೂ ರಕ್ತದಲ್ಲೂ ಬೆಳೆದದ್ದು ಒಂದೇ, ಕ್ಲೆಬ್ಸಿಯೆಲ್ಲಾ. ಔಷಧಿಗಳ ಪಟ್ಟಿ ಬಂದಾಗ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗಿಲ್ಲ, ಪೈಪೆರಾಸಿಲಿನ್ ಟ್ಯಾಜೊಬ್ಯಾಕ್ಟಮ್‌ಗೂ ಇಲ್ಲ, ಮೆರೊಪೆನೆಮ್‌ಗೆ ಬಗ್ಗುತ್ತದೆ. ಅಷ್ಟರಲ್ಲಿ ನಾರ್‌ಅಡ್ರಿನಾಲಿನ್ ನಿಂತಿತ್ತು, ಆಕ್ಸಿಜನ್ ಮತ್ತೆ ಶೇ. 40ಕ್ಕೆ ಬಂದಿತ್ತು. ಆದರೆ ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯೇಟಿನಿನ್ 0.9ರಿಂದ 1.5ಕ್ಕೆ ಏರಿತ್ತು, ಮೂತ್ರವೂ ಕಡಿಮೆ.

ಮೇಡಂ ಆವತ್ತೇ ಕೊಲಿಸ್ಟಿನ್ ನಿಲ್ಲಿಸಿದರು. ಇನ್ನೂ ಎರಡು ದಿನ ಇರಲಿ ಎಂಬ ಮಾತು ಇಂಥ ಕಡೆ ಬಹಳ ಸಲ ಕೇಳಿಬರುತ್ತದೆ, ಭಯಕ್ಕೆ. ಆ ಎರಡು ದಿನದಲ್ಲಿ ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ಗೆ ಹೋದವರನ್ನು ನಾನು ನೋಡಿಕೊಂಡಿದ್ದೇನೆ. ಹೆಂಡತಿಗೆ ಮಾತ್ರ ಇದು ಅರ್ಥವಾಗಲಿಲ್ಲ. ದುಬಾರಿ ಇಂಜೆಕ್ಷನ್ ಚೀಟಿ ಬರುವುದು ನಿಂತಿತಲ್ಲ ಅಂತ ಗಾಬರಿಯಾಗಿ ಬಂದರು. "ನಮ್ಮತ್ರ ದುಡ್ಡಿಲ್ಲ ಅಂತ ನಿಲ್ಸಿದ್ರಾ? ನಾನು ಹೊಂದಿಸ್ತೀನಿ." ರಿಪೋರ್ಟ್ ಹಾಳೆಯನ್ನೇ ಅವರ ಮುಂದೆ ಹಿಡಿದು, ಈ ಕ್ರಿಮಿಗೆ ಈ ಒಂದು ಔಷಧಿ ಸಾಕು, ಇನ್ನೊಂದು ಈಗ ಕಿಡ್ನಿಗೆ ಹೊರೆ ಅಂತ ಬೆರಳಿಟ್ಟು ತೋರಿಸಿದೆ. ಒಳಗೆ ಬಂದು ಗಂಡನಿಗೂ ಅದನ್ನೇ ಹೇಳಿದರು. ಅವರು ಒಂದು ಸಲ ಕಣ್ಣು ಮಿಟುಕಿಸಿದರು.

ಮೆರೊಪೆನೆಮ್ ಏಳು ದಿನಕ್ಕೆ ನಿಂತಿತು. ಹಿಂದೆ ಹದಿನಾಲ್ಕು ದಿನ ಓಡಿಸುತ್ತಿದ್ದರು. ಚೇತರಿಸಿಕೊಳ್ಳುತ್ತಿರುವ ರೋಗಿಗೆ ಏಳು ದಿನ ಸಾಕು ಅಂತ ಈಗ ವ್ಯಾಪ್‌ನ ಮಾರ್ಗಸೂಚಿಯೇ ಹೇಳುತ್ತದೆ. ಕ್ರಿಯೇಟಿನಿನ್ ಮೆಲ್ಲಗೆ ಇಳಿಯಿತು. ಆಮೇಲೆ ಅವರಿಗೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಾಟದ ಟ್ಯೂಬ್ ಹಾಕುವ ಟ್ರೇಕಿಯಾಸ್ಟಮಿ ಆಯಿತು, ವೆಂಟಿಲೇಟರ್‌ನಿಂದ ಬಿಡಿಸಲು ಇನ್ನೂ ಹಲವು ವಾರ ಹಿಡಿಯಿತು. ಜಿಬಿಎಸ್ ಹಾಗೇ, ನಿಧಾನವಾಗಿ ಬಿಡುವ ಕಾಯಿಲೆ. ವಾರ್ಡ್‌ಗೆ ಹೋಗುವಾಗ ಬಲಗೈ ಹೆಬ್ಬೆರಳು ಅಲ್ಲಾಡಿಸುತ್ತಿದ್ದರು.

ನಮ್ಮ ಟ್ರೇಯಲ್ಲಿ ಒಂದು ತೊಂದರೆ ಇನ್ನೂ ಉಳಿದಿದೆ. ರಾತ್ರಿ ತೆಗೆದ ವಯಲ್‌ಗಳು ಬೆಳಿಗ್ಗೆ ತುಂಬುತ್ತವೆ. ಭಾನುವಾರ ಮತ್ತು ಹಬ್ಬದ ದಿನ ಮಾತ್ರ ಇಂಡೆಂಟ್‌ಗೆ ಸಹಿ ಹಾಕುವವರು ಇರುವುದಿಲ್ಲ, ಎರಡನೇ ರೋಗಿ ಬಂದರೆ ಮತ್ತೆ ಹಳೆಯ ದಾರಿಯೇ. ಡ್ಯೂಟಿ ಡಾಕ್ಟರ ಸಹಿ ಸಾಕು ಅಂತ ಮಾಡಬೇಕು, ಪ್ರತಿ ಶಿಫ್ಟ್‌ನಲ್ಲೂ ಟ್ರೇ ಎಣಿಸಿ ಪುಸ್ತಕದಲ್ಲಿ ಬರೆಯಬೇಕು ಅಂತ ಸೋಂಕು ನಿಯಂತ್ರಣ ಸಮಿತಿಗೆ ಬರೆದುಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಅದು ಬರುತ್ತದೆ.